ಗೋಡೆ ಮುಗಿದ ಜಾಗದಲ್ಲಿ

ನಮ್ಮದು ರಾಯದುರ್ಗ ಸೀಮೆ. ವೇದಾವತಿ ಹಗರಿಯ ಮಗ್ಗುಲಲ್ಲೇ ಹೊಲ. ಆಷಾಢದ ಗಾಳಿ ಎದ್ದರೆ ಹೊಳೆಯ ಮರಳು ಹಾರಿ ಬಂದು ಪೈರಿನ ಮೇಲೆ ಕೂರುತ್ತದೆ. ಕಣೇಕಲ್ಲು, ಬೊಮ್ಮನಹಾಳ್ ಕಡೆ ಮರಳಿನ ದಿಬ್ಬಗಳೇ ಬೆಳೆದಿವೆ. ಮರಳು ಬಂತೆಂದು ಗೋಳಾಡುವ ಊರಿನವನು ನಾನು. ಕವಿಗೋಷ್ಠಿಗೆಂದು ಕಾಸರಗೋಡಿಗೆ ಹೋದಾಗ, ಮರಳು ಹೋಯಿತೆಂದು ಅಳುವವರನ್ನು ಕಂಡೆ.

ಗೋಷ್ಠಿಯ ಮರುದಿನ ಅಲ್ಲಿನ ಮೇಷ್ಟ್ರೊಬ್ಬರು ಮಂಜೇಶ್ವರದ ಕಡೆ ಕಡಲು ತೋರಿಸಲು ಕರೆದೊಯ್ದರು. ದಡದುದ್ದಕ್ಕೂ ದೊಡ್ಡ ದೊಡ್ಡ ಬಂಡೆಗಳ ತಡೆಗೋಡೆ. ಕೇರಳದ ಕರಾವಳಿ ಸುಮಾರು 590 ಕಿಲೋಮೀಟರ್; ಅದರಲ್ಲಿ ಅರ್ಧದಷ್ಟು ಕಡೆ ಇಂಥ ಗೋಡೆಯಿದೆ.

ಮೀನುಗಾರ ಅಜ್ಜ ಒಬ್ಬರು ಹೇಳಿದರು: "ಕಲ್ಲು ಹಾಕಿದಲ್ಲಿ ಮನೆ ಉಳಿದದ್ದು ಹೌದು ಮಾರಾಯ್ರೇ. ಆದರೆ ದೋಣಿ ಎಳೆದು ಇಡ್ಲಿಕ್ಕೆ ಮರಳು ಎಲ್ಲುಂಟು?"

ಮಾತು ನಿಜ. ಮರಳಿನ ದಡದ ಮೇಲೆ ಅಲೆ ಹರಡಿಕೊಂಡು ಸುಸ್ತಾಗುತ್ತದೆ. ಗೋಡೆಗೆ ಬಡಿದ ಅಲೆ ಅದೇ ರಭಸದಲ್ಲಿ ತಿರುಗಿ, ಬುಡದ ಮರಳನ್ನು ಕೆದರುತ್ತದೆ. ಬುಡ ಸಡಿಲಾದರೆ ಕಲ್ಲು ಕುಸಿಯುತ್ತದೆ. ಮತ್ತೆ ಲೋಡುಗಟ್ಟಲೆ ಕಲ್ಲು ಬೇಕು.

ಇನ್ನೊಂದು ಸಂಗತಿಯಿದೆ. ಅಲೆಗಳು ಓರೆಯಾಗಿ ಬಡಿಯುತ್ತಾ ಮರಳನ್ನು ದಡದುದ್ದಕ್ಕೂ ಸಾಗಿಸುತ್ತವೆ. ಕಡಲೊಳಕ್ಕೆ ಅಡ್ಡ ಕಟ್ಟೆ ಚಾಚಿದರೆ ಒಂದು ಮಗ್ಗುಲಿಗೆ ಮರಳು ತುಂಬುತ್ತದೆ, ಇನ್ನೊಂದು ಮಗ್ಗುಲು ಬರಿದಾಗುತ್ತದೆ. ನಮ್ಮ ಹಿರಿಯರು ಮದ್ರಾಸು ಪ್ರಾಂತ್ಯದವರು. ಆ ಮದ್ರಾಸಿನಲ್ಲಿ 1876ರಲ್ಲಿ ಬಂದರಿನ ಕಟ್ಟೆ ಕೆಲಸ ಶುರುವಾಯಿತು. ಆಮೇಲೆ ದಕ್ಷಿಣಕ್ಕೆ ಮರೀನಾದ ಮರಳು ಅಗಲವಾಯಿತು. ಉತ್ತರಕ್ಕೆ ರಾಯಪುರಂ ಕಡೆಯ ದಡ ಕೊರೆದುಹೋಯಿತು.

ಹಾಗೆಂದು ಕಲ್ಲೇ ಬೇಡ ಎನ್ನಲಾದೀತೆ? ಕೊಚ್ಚಿಯ ಹತ್ತಿರ ಚೆಲ್ಲಾನಂನಲ್ಲಿ ನಾಲ್ಕು ಕಾಲಿನ ಕಾಂಕ್ರೀಟ್ ಗಟ್ಟಿಗಳನ್ನು, ಟೆಟ್ರಾಪಾಡ್ ಅಂತಾರೆ, ಒಂದಕ್ಕೊಂದು ಸಿಕ್ಕಿಸಿ 7 ಕಿಲೋಮೀಟರಿಗೂ ಉದ್ದದ ಗೋಡೆ ಹಾಕಿದರು. ಸಂದುಗಳಲ್ಲಿ ನುಗ್ಗಿದ ಅಲೆಯ ಬಲ ಮುರಿಯುತ್ತದೆ. ಅಲ್ಲಿಯ ಮನೆಗಳವರು ನೆಮ್ಮದಿಯಿಂದ ಮಲಗಿದರು. ಗೋಡೆ ಮುಟ್ಟದ ಕಣ್ಣಮಾಲಿಯವರ ಮನೆಗೆ ಮಳೆಗಾಲದಲ್ಲಿ ಕಡಲು ನುಗ್ಗುವುದು ನಿಲ್ಲಲಿಲ್ಲ.

ವಿಶಾಖಪಟ್ಟಣದಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಬಂದರಿನ ಕಟ್ಟೆ ತಡೆದ ಮರಳನ್ನೇ ತೆಗೆದು ಉತ್ತರದ ಬೀಚಿಗೆ ಸುರಿಯುತ್ತಾರೆ. ಕಟ್ಟೆ ಕಸಿದದ್ದನ್ನು ಅಷ್ಟಾದರೂ ತಿರುಗಿ ಕೊಟ್ಟ ಹಾಗೆ. ಆದರೆ ಒಮ್ಮೆ ಸುರಿದು ಕೈತೊಳೆದುಕೊಳ್ಳುವಂತಿಲ್ಲ, ಮತ್ತೆ ಮತ್ತೆ ಸುರಿಯಬೇಕು.

ಮಂಜೇಶ್ವರದಲ್ಲಿ ಗೋಡೆ ಮುಗಿಯುವ ತನಕ ನಡೆದೆವು. ಅಲ್ಲಿ ತೆಂಗಿನ ಬೇರುಗಳು ಗಾಳಿಯಲ್ಲಿ ತೂಗಾಡುತ್ತಿದ್ದವು. ಒಂದು ಮನೆಯ ಹಿಂದಿನ ಜಗಲಿ ಆಗಲೇ ಕಡಲಪಾಲು. ನಾನು ಬರೆಯುವವನೆಂದು ಮೇಷ್ಟ್ರು ಹೇಳಿದ್ದೇ ತಡ, ಮನೆಯಾಕೆ, "ಅಣ್ಣಾ, ನಮಗೂ ಕಲ್ಲು ಹಾಕ್ಲಿಕ್ಕೆ ಪೇಪರಿನಲ್ಲಿ ಬರೀರಿ" ಎಂದರು.

ಆ ತಾಯಿಗೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಅವರಾಚೆಗೆ ಇನ್ನೂ ನಾಲ್ಕು ಮನೆಗಳಿದ್ದವು. ನಮ್ಮ ಕಡೆ ಹಳ್ಳಕ್ಕೆ ಒಬ್ಬ ಒಡ್ಡು ಹಾಕಿದರೆ ನೀರು ಎದುರಿನವನ ಹೊಲ ಕೊರೆಯುತ್ತದೆ. ಅದಕ್ಕೇ ಇಬ್ಬರೂ ಕೂತು ಮಾತಾಡಿ ಒಡ್ಡು ಹಾಕುತ್ತೇವೆ. ಕಡಲಿಗೂ ಹಾಗೇ. ತುಂಡು ತುಂಡಾಗಿ ಕಲ್ಲು ಸುರಿಯುವ ಮೊದಲು ಇಡೀ ದಡದ ಲೆಕ್ಕ ಹಾಕಲಿ. ಆಕೆಯ ಮನೆ ಉಳಿಯಲಿ, ಆಚೆಯ ನಾಲ್ಕು ಮನೆಗಳೂ ಉಳಿಯಲಿ.