ಪಟ್ಟಿ ಬದಲಾಯ್ತು, ಸುದ್ದಿ ಮುಟ್ಟಲಿಲ್ಲ

ಕುದೂರಿನ ಬಸ್ ವೇಳೆ ತೋರಿಸುವ ಒಂದು ಸಾಫ್ಟ್‌ವೇರ್ ಇದೆ ಎಂದುಕೊಳ್ಳಿ. ಅದರೊಳಗಿನ ಒಂದು ಸರ್ವೀಸ್ ‘ಮಾಗಡಿ, ಸೋಲೂರು’ ಎಂಬ ಪಟ್ಟಿ ಕೊಟ್ಟು ರಿಜಿಸ್ಟ್ರಿಯಲ್ಲಿ ಹೆಸರು ಬರೆಸುತ್ತದೆ. ಆಮೇಲೆ ಅದೇ ಪಟ್ಟಿಗೆ ಸದ್ದಿಲ್ಲದೆ ‘ತುಮಕೂರು’ ಸೇರಿಕೊಳ್ಳುತ್ತದೆ. ತುಮಕೂರಿಗಾಗಿಯೇ ಕಾದು ಕುಳಿತ ಪ್ರೋಗ್ರಾಂಗೆ ಮಾತ್ರ ಸುದ್ದಿ ಮುಟ್ಟುವುದಿಲ್ಲ.

ಎರರ್ ಇಲ್ಲ. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ.

ಇಂಥ ರಿಜಿಸ್ಟ್ರಿಗೆ ಹೆಸರಾದದ್ದು ಜಾವಾ ಲೋಕದ ಓಎಸ್‌ಜಿಐ. 1999ರಲ್ಲಿ ಶುರುವಾದ ಈ ಮಾನದಂಡದ ಮೇಲೆಯೇ 2004ರ ಕೋಡಿಂಗ್ ಸಾಧನ ಎಕ್ಲಿಪ್ಸ್ 3.0 ನಿಂತಿತು. ಪ್ರೋಗ್ರಾಂ ಓಡುತ್ತಿರುವಾಗಲೇ ಇಲ್ಲಿ ಸರ್ವೀಸುಗಳು ಬರುತ್ತವೆ, ಹೋಗುತ್ತವೆ. ಪ್ರತಿಯೊಂದಕ್ಕೂ ಕೆಲವು ಪ್ರಾಪರ್ಟಿಗಳು, ಮೇಲಿನ ಊರುಗಳ ಪಟ್ಟಿಯಂಥವು; ಹುಡುಕುವವರು ಫಿಲ್ಟರ್ ಹಾಕುವುದು ಅವುಗಳ ಮೇಲೆಯೇ. ಪ್ರಾಪರ್ಟಿ ಬದಲಾಯಿಸಲು ಸೆಟ್‌ಪ್ರಾಪರ್ಟೀಸ್ ಕರೆಯಬೇಕು. ಆಗಷ್ಟೇ ‘ಬದಲಾಗಿದೆ’ ಎಂಬ ಈವೆಂಟ್ ಕಾಯುತ್ತಿರುವವರಿಗೆ ಹೋಗುತ್ತದೆ.

ತೊಡಕಿರುವುದು ಅರೇಲಿಸ್ಟ್‌ನಂಥ ತಿದ್ದಬಹುದಾದ ಮೌಲ್ಯದಲ್ಲಿ. ರಿಜಿಸ್ಟ್ರಿ ಮೇಲಿನ ಪದರವನ್ನಷ್ಟೇ ನಕಲು ಮಾಡಿಕೊಂಡಿದ್ದರೆ, ಒಳಗಿನ ಪಟ್ಟಿ ಸರ್ವೀಸ್, ರಿಜಿಸ್ಟ್ರಿ ಎರಡರ ಕೈಯಲ್ಲೂ ಒಂದೇ. ಹೊರಗಿನಿಂದ ತಿದ್ದಿದರೆ ಈವೆಂಟ್ ಹೊರಡುವುದಿಲ್ಲ. ಮೊದಲಿನಿಂದ ಕಾಯುತ್ತಿದ್ದವರಿಗೆ ಹಳೆಯ ಲೆಕ್ಕ, ಈಗ ಹುಡುಕುವವರಿಗೆ ಹೊಸ ಲೆಕ್ಕ! ಒಂದು ಥ್ರೆಡ್ ಪಟ್ಟಿ ಓದುತ್ತಿರುವಾಗ ಇನ್ನೊಂದು ತಿದ್ದಿದರೆ ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ ಕೂಡ ಎದ್ದೀತು. ಟೆಸ್ಟ್‌ನಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ, ಏಕೆಂದರೆ ಎಲ್ಲವೂ ಯಾವುದು ಮೊದಲು ನಡೆಯಿತು ಎಂಬುದರ ಮೇಲೆ ನಿಂತಿದೆ.

ಪರಿಹಾರ ಚಿಕ್ಕದು. 2018ರ ಜಾವಾ 10ರಲ್ಲಿ ಬಂದ ಲಿಸ್ಟ್ ಕಾಪಿಆಫ್, ತಿದ್ದಲಾಗದ ಪ್ರತಿ ಕೊಡುತ್ತದೆ. ನೋಂದಣಿಗೆ ಅದನ್ನೇ ಕೊಡಿ. ಊರು ಸೇರಿಸಬೇಕೇ? ಹೊಸ ಪಟ್ಟಿ ಕಟ್ಟಿ, ಸೆಟ್‌ಪ್ರಾಪರ್ಟೀಸ್ ಕರೆಯಿರಿ. ನಿಮ್ಮ ಕೋಡ್‌ನಲ್ಲಿ ನೋಂದಣಿ ಮಾಡುವ ರಿಜಿಸ್ಟರ್‌ಸರ್ವೀಸ್ ಇರುವ ಸಾಲುಗಳನ್ನು ಇವತ್ತೇ ಒಮ್ಮೆ ಹುಡುಕಿ ನೋಡಿ.