ನೇತ್ರದ ಪೀತಬಿಂದುವೂ ಪರ್ಣದ ಪೀತವರ್ಣವೂ

ಹಣ್ಣೆಲೆಯು ಹಳದಿಯಾಗಿ ಉದುರುವುದನ್ನು ಕಂಡವರು, ಮುಪ್ಪಿನಲ್ಲಿ ಅದಕ್ಕೆ ಆ ಬಣ್ಣವು ಹೊಸದಾಗಿ ಬಂದಿತೆಂದು ಭಾವಿಸುವುದು ಸಹಜ. ವಸ್ತುಸ್ಥಿತಿಯು ಹಾಗಿಲ್ಲ. ಹಳದಿಯು ಹಸುರೆಲೆಯಲ್ಲಿಯೂ ಇದ್ದೇ ಇರುವುದು. ಪತ್ರಹರಿತ್ತಿನ ದಟ್ಟವಾದ ವರ್ಣವು ಅದನ್ನು ಮರೆಮಾಡಿರುವುದು. ಹಸುರು ಕ್ಷಯಿಸಿದೊಡನೆ ಒಳಗಿದ್ದ ಪೀತವು ಪ್ರಕಟವಾಗುವುದು. ಈ ಪೀತದ್ರವ್ಯಗಳಲ್ಲಿ ಪ್ರಧಾನವಾದುದಕ್ಕೆ ಲ್ಯೂಟೀನ್ ಎಂದು ಹೆಸರು. ಹಳದಿಯೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದ ಬಂದುದು. ಇದೇ ದ್ರವ್ಯವು ಮನುಷ್ಯನ ಕಣ್ಣಿನೊಳಗೂ ಸಂಚಿತವಾಗಿದೆಯೆಂಬುದು ವಿಚಾರಾರ್ಹವಾದ ವಿಷಯವು.

ಎಲೆಗೆ ಇದರಿಂದ ಆಗುವ ಪ್ರಯೋಜನವೇನು? ಬಿಸಿಲು ಮಿತಿಮೀರಿದಾಗ ಪತ್ರಹರಿತ್ತು ತಾನು ವ್ಯಯಿಸಲಾರದಷ್ಟು ಶಕ್ತಿಯನ್ನು ಹೀರಿಕೊಳ್ಳುವುದು. ಆ ಹೆಚ್ಚಿನ ಶಕ್ತಿಯು ಸಮೀಪದ ಆಮ್ಲಜನಕಕ್ಕೆ ಸೇರಿದರೆ ಅದು ಉದ್ರಿಕ್ತವಾಗಿ ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸತೊಡಗುವುದು. ಪ್ರಾಣಾಧಾರವಾದ ವಾಯುವೇ ಹೀಗೆ ಪ್ರಾಣಘಾತಕವಾಗುವುದು. ಲ್ಯೂಟೀನ್ ಮೊದಲಾದ ಪೀತದ್ರವ್ಯಗಳು ಆ ಶಕ್ತಿಯನ್ನು ತಾವು ಗ್ರಹಿಸಿ ಉಷ್ಣರೂಪವಾಗಿ ಹೊರಬಿಡುವುವು. ಈ ವ್ಯಾಪಾರದಲ್ಲಿ ಅವು ಸಾಮಾನ್ಯವಾಗಿ ನಾಶವಾಗುವುದಿಲ್ಲ; ಮರಳಿ ಅದೇ ಕಾರ್ಯಕ್ಕೆ ಸಿದ್ಧವಾಗುವುವು. ಇಂತಹ ದ್ರವ್ಯಗಳನ್ನು ಉತ್ಕರ್ಷಣನಿರೋಧಕಗಳೆಂದು ಕರೆಯುವರು.

ಇನ್ನು ಕಣ್ಣಿನ ವಿಷಯ. ಅಕ್ಷಿಪಟಲದ ನಡುವೆ ಸುಮಾರು 5 ಮಿಲಿಮೀಟರು ಅಗಲದ ಪ್ರದೇಶವೊಂದುಂಟು. ಅದೇ ಪೀತಬಿಂದು. ಅಕ್ಷರಗಳನ್ನೋದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖವನ್ನು ಗುರುತಿಸುವುದು, ಇವೆಲ್ಲಕ್ಕೂ ಅದೇ ಆಶ್ರಯ. ಅಲ್ಲಿಯ ಹಳದಿಯು ಎಲೆಯ ಪೀತದ್ರವ್ಯವೇ ಇರಬೇಕೆಂದು 1945ರಲ್ಲಿ ಜಾರ್ಜ್ ವಾಲ್ಡ್ ಎಂಬ ವಿಜ್ಞಾನಿಯು ಸೂಚಿಸಿದನು. 1985ರಲ್ಲಿ ಅದು ಲ್ಯೂಟೀನ್ ಮತ್ತು ಅದರ ಸಹೋದರನೆನ್ನಬಹುದಾದ ಜಿಯಾಕ್ಸಾಂಥಿನ್ ಎಂದು ನಿರ್ಣಯವಾಯಿತು. ಅಕ್ಷಿಪಟಲಕ್ಕೆ ಬೆಳಕು ಸದಾ ಬೀಳುತ್ತಿರುವುದು; ಅದು ಬಳಸುವ ಆಮ್ಲಜನಕವೂ ಬಹಳ; ಅದರ ಪೊರೆಗಳಲ್ಲಿ ಬೇಗನೆ ಕೆಡುವ ಕೊಬ್ಬೂ ಹೇರಳ. ಎಲೆಗಿರುವ ಅಪಾಯವೇ ಇಲ್ಲಿಯೂ ಇದೆಯೆಂದಾಯಿತು. ಪೀತದ್ರವ್ಯವು ಬೆಳಕನ್ನು ಗ್ರಹಿಸುವ ಕೋಶಭಾಗಗಳ ಮುಂದೆ ಹಳದಿ ಗಾಜಿನಂತೆ ನಿಂತು ನೀಲಕಿರಣಗಳನ್ನು ಬಹುಮಟ್ಟಿಗೆ ತಡೆಯುವುದು. ಉದ್ರಿಕ್ತವಾದ ಆಮ್ಲಜನಕವನ್ನು ಶಮನಗೊಳಿಸುವುದೂ ಅದರ ಕಾರ್ಯವೆಂದು ತಿಳಿಯಲಾಗಿದೆ.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ದೃಷ್ಟಿಯು ಮಸೂರದ ಬೇಳೆಯ ಪ್ರಮಾಣದ್ದೆಂದು ಹೇಳಿದೆ. ಇದೇ ಪೀತಬಿಂದುವೆಂದು ಯಾರಾದರೂ ಸಾಧಿಸಹೊರಟರೆ ಅದು ಸಾಹಸವೇ ಸರಿ. ಅಲ್ಲಿಯ ವರ್ಣನೆಯು ಹೊರಗಿನಿಂದ ಕಾಣುವ ಕಣ್ಣಿನ ಮಂಡಲಗಳಿಗೆ ಸಂಬಂಧಿಸಿದುದು. ಪ್ರಾಚೀನರ ಗೌರವಕ್ಕೆ ಇಂತಹ ಸಮೀಕರಣದ ಅವಶ್ಯಕತೆಯಿಲ್ಲ.

ಮನುಷ್ಯದೇಹವು ಲ್ಯೂಟೀನನ್ನು ತಾನಾಗಿ ನಿರ್ಮಿಸಲಾರದು. ಆಹಾರದಿಂದಲೇ ಅದು ಬರಬೇಕು. ಪಾಲಕ್, ಹರಿವೆ, ನುಗ್ಗೆ ಮೊದಲಾದ ಸೊಪ್ಪುಗಳಲ್ಲಿ ಅದುಂಟು. ಮೆಕ್ಕೆಜೋಳದಲ್ಲಿ ಎರಡೂ ದ್ರವ್ಯಗಳುಂಟು. ಇವು ಕೊಬ್ಬಿನಲ್ಲಿ ಮಾತ್ರ ಕರಗುವುವಾದುದರಿಂದ ಎಣ್ಣೆ ತುಪ್ಪಗಳ ಒಗ್ಗರಣೆಯಿದ್ದ ಪಲ್ಯದಿಂದ ಅವು ದೇಹಕ್ಕೆ ಚೆನ್ನಾಗಿ ಸೇರುವುವು. ಮೊಟ್ಟೆಯ ಹಳದಿಯಲ್ಲಿ ಪ್ರಮಾಣವು ಅಲ್ಪವಾದರೂ ಕೊಬ್ಬಿನೊಡನೆ ಬೆರೆತಿರುವ ಕಾರಣ ಸುಲಭವಾಗಿ ಜೀರ್ಣವಾಗುವುದು. ಮಾತ್ರೆಗಳಿಗೆ ಬೇಕಾದ ಲ್ಯೂಟೀನನ್ನಾದರೋ ಬಹುಮಟ್ಟಿಗೆ ಚೆಂಡುಹೂವಿನಿಂದ ತೆಗೆಯುವರು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಕಡೆಯಲ್ಲಿ ಈ ಹೂವನ್ನು ಬಣ್ಣಕ್ಕಾಗಿಯೇ ಬೆಳೆಯುವುದುಂಟು. ಆಯುಧಪೂಜೆಗೆ ಅನಿವಾರ್ಯವೆನಿಸಿರುವ ಈ ಪುಷ್ಪವು ಮೆಕ್ಸಿಕೋ ಕಡೆಯಿಂದ ಬಂದುದಾದುದರಿಂದ, ಪ್ರಾಚೀನ ನಿಘಂಟುಗಳಲ್ಲಿ ಅದನ್ನು ಹುಡುಕುವುದು ವ್ಯರ್ಥಶ್ರಮ.

ಹಾಗಾದರೆ ಲ್ಯೂಟೀನನ್ನು ಸೇವಿಸಿದವರ ದೃಷ್ಟಿಯು ಉಳಿಯುವುದೇ? ವೃದ್ಧಾಪ್ಯದಲ್ಲಿ ಪೀತಬಿಂದುವು ಸವೆಯುವ ರೋಗವೊಂದುಂಟು. ಅದು ಬಲಿತರೆ ನೋಟದ ನಡುಭಾಗವೇ ಮಸುಳಿಸುವುದು. ಅಮೆರಿಕದಲ್ಲಿ ಈ ರೋಗವು ಬಲಿಯುವ ಸಂಭವವಿದ್ದ 4,203 ಜನರಲ್ಲಿ ನಡೆಸಿದ ದೀರ್ಘಪರೀಕ್ಷೆಯ ಫಲವು 2013ರಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆಯೇ, 2001ರಲ್ಲಿ, ಸಿ ಮತ್ತು ಇ ಜೀವಸತ್ವಗಳು, ಸತು, ತಾಮ್ರ, ಬೀಟಾ-ಕ್ಯಾರೊಟೀನ್ ಇವುಗಳ ಯೋಗವೊಂದು ರೋಗದ ಮುನ್ನಡೆಯನ್ನು ಸುಮಾರು ಕಾಲುಭಾಗದಷ್ಟು ತಗ್ಗಿಸುವುದೆಂದು ತಿಳಿದಿದ್ದಿತು. ಆ ಯೋಗಕ್ಕೆ ದಿನಕ್ಕೆ 10 ಮಿಲಿಗ್ರಾಂ ಲ್ಯೂಟೀನ್, 2 ಮಿಲಿಗ್ರಾಂ ಜಿಯಾಕ್ಸಾಂಥಿನ್ ಸೇರಿಸಿದುದರಿಂದ ಒಟ್ಟಿನಲ್ಲಿ ಹೇಳತಕ್ಕಷ್ಟು ಅಧಿಕಲಾಭವು ಕಾಣಲಿಲ್ಲ. ಆದರೆ ಆಹಾರದಲ್ಲಿ ಇವು ಅತ್ಯಲ್ಪವಾಗಿದ್ದವರಲ್ಲಿ ರೋಗದ ಮುನ್ನಡೆಯು ಸುಮಾರು 26ರಷ್ಟು ಶೇಕಡಾ ಕಡಮೆಯಾಗಿದ್ದಿತು. ಕೊರತೆಯಿದ್ದವರಿಗೆ ಉಪಕಾರವಾಯಿತೆಂದೂ, ಸಾಕಷ್ಟಿದ್ದವರಿಗೆ ಮತ್ತಷ್ಟು ತುಂಬುವುದರಿಂದ ವಿಶೇಷವೇನೂ ಆಗಲಿಲ್ಲವೆಂದೂ ಇದರ ತಾತ್ಪರ್ಯವನ್ನು ಗ್ರಹಿಸುವುದು ಯುಕ್ತವಾಗಿ ತೋರುವುದು.

ಅದೇ ಪರೀಕ್ಷೆಯಲ್ಲಿ ಬೀಟಾ-ಕ್ಯಾರೊಟೀನ್ ಸೇವಿಸಿದವರಲ್ಲಿ ಶ್ವಾಸಕೋಶದ ಅರ್ಬುದವು ಹೆಚ್ಚಾಗಿ ಕಂಡುಬಂದಿತು. ರೋಗಪೀಡಿತರಲ್ಲಿ ಬಹುಮಂದಿ ಹಿಂದೆ ಧೂಮಪಾನ ಮಾಡಿ ಬಿಟ್ಟವರು. ಇದೂ ಉತ್ಕರ್ಷಣನಿರೋಧಕವಾದ ವರ್ಣದ್ರವ್ಯವೇ, ಲ್ಯೂಟೀನಿನ ಕುಲಕ್ಕೇ ಸೇರಿದುದು! ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಪುರುಷರಲ್ಲಿ ನಡೆದ ಪರೀಕ್ಷೆಯೂ 1994ರಲ್ಲಿ ಇದೇ ಅನಿಷ್ಟವನ್ನು ತೋರಿಸಿದ್ದಿತು. ಗಜ್ಜರಿಯಲ್ಲಿ ಹಿತವಾದುದು ಮಾತ್ರೆಯಾಗಿ ಅಧಿಕಪ್ರಮಾಣದಲ್ಲಿ ಹಿತವಾಗಲೇಬೇಕೆಂಬ ನಿಯಮವಿಲ್ಲ. ಈ ಕಾರಣದಿಂದಲೇ ಬೀಟಾ-ಕ್ಯಾರೊಟೀನಿನ ಸ್ಥಾನದಲ್ಲಿ ಈಗ ಲ್ಯೂಟೀನ್ ಜಿಯಾಕ್ಸಾಂಥಿನ್‌ಗಳನ್ನು ಕೂಡಿಸುವರು. ಈ ಯೋಗವಾದರೂ ರೋಗವು ಮಧ್ಯಮಾವಸ್ಥೆಗೆ ಬಂದವರಿಗೆ ನೇತ್ರವೈದ್ಯರು ವಿಧಿಸತಕ್ಕುದು. ಆರೋಗ್ಯವಂತರಲ್ಲಿ ರೋಗವು ಹುಟ್ಟದಂತೆ ಅದು ತಡೆಯುವುದೆಂದು ಸಿದ್ಧವಾಗಿಲ್ಲ. ಐವತ್ತು ದಾಟಿದವರಿಗೆ ಬಾಗಿಲ ಚೌಕಟ್ಟೋ ಪುಸ್ತಕದ ಸಾಲೋ ಡೊಂಕಾಗಿ ಕಾಣತೊಡಗಿದರೆ, ಸೊಪ್ಪನ್ನಾಗಲಿ ಮಾತ್ರೆಯನ್ನಾಗಲಿ ನೆಚ್ಚಿ ಕಾಲಹರಣಮಾಡದೆ ಒಡನೆಯೇ ಕಣ್ಣನ್ನು ಪರೀಕ್ಷೆಮಾಡಿಸಬೇಕು.