ವರ್ಕ್‌ಶಾಪಿಗೆ ಮುನ್ನ ಮೊಬೈಲ್‌ನಲ್ಲಿ ಪಾಠ

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ (ಐಟಿಐ) ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ಟ್ರೇಡ್‌ಗಳು ಎರಡು ವರ್ಷದವು, ವೆಲ್ಡರ್ ಒಂದು ವರ್ಷದ್ದು. ಯಾವ ಟ್ರೇಡ್ ಆದರೂ ತರಗತಿಯಲ್ಲಿ ಥಿಯರಿ, ವರ್ಕ್‌ಶಾಪಿನಲ್ಲಿ ಪ್ರಾಕ್ಟಿಕಲ್ ಇದ್ದೇ ಇರುತ್ತವೆ. ಒಂದು ಯಂತ್ರಕ್ಕೆ ಹಲವು ವಿದ್ಯಾರ್ಥಿಗಳಿರುವ ಕಡೆ ಯಂತ್ರ ಮುಟ್ಟಲು ಸಿಗುವ ಸಮಯ ಕಡಿಮೆ. ಆ ಸಮಯಕ್ಕೆ ವಿದ್ಯಾರ್ಥಿಯನ್ನು ಮೊದಲೇ ಅಣಿಗೊಳಿಸುವುದೇ ಮೊಬೈಲ್ ಆ್ಯಪ್‌ಗಳ ಮುಖ್ಯ ಉಪಯೋಗ.

ಐಟಿಐ ಪಠ್ಯಗಳನ್ನು ಸಿದ್ಧಪಡಿಸುವ ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ (ನಿಮಿ) ಮುದ್ರಿತ ಪುಸ್ತಕಗಳ ಜೊತೆಗೆ ಡಿಜಿಟಲ್ ಪಾಠ ಹಾಗೂ ಅಣಕು ಪರೀಕ್ಷೆಗಳನ್ನೂ ಒದಗಿಸುತ್ತದೆ. ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ ‘ಭಾರತ್ ಸ್ಕಿಲ್ಸ್’ ವೇದಿಕೆಯಲ್ಲಿ ಟ್ರೇಡ್‌ವಾರು ಪಠ್ಯಕ್ರಮ, ವಿಡಿಯೊ, ಪ್ರಶ್ನೆಗಳು ಸಿಗುತ್ತವೆ.

ನೋಡಿ, ಲೆಕ್ಕ ಹಾಕಿ ಕಲಿಯುವ ವಿಷಯಗಳಿಗೆ ಆ್ಯಪ್ ಚೆನ್ನಾಗಿ ಒಗ್ಗುತ್ತದೆ. ವರ್ನಿಯರ್ ಕ್ಯಾಲಿಪರ್‌ನ ಅಳತೆ ಓದುವುದನ್ನೇ ತೆಗೆದುಕೊಳ್ಳಬಹುದು. ಅದರ ಕನಿಷ್ಠ ಅಳತೆ 0.02 ಮಿ.ಮೀ. ಎಂದುಕೊಳ್ಳಿ. ಮುಖ್ಯ ಸ್ಕೇಲ್ 24 ಮಿ.ಮೀ. ತೋರಿಸಿ, ವರ್ನಿಯರ್‌ನ 18ನೇ ಗೆರೆ ಮೇಲಿನ ಗೆರೆಯೊಂದಕ್ಕೆ ನೇರವಾಗಿ ಕೂಡಿದರೆ ಒಟ್ಟು 24.36 ಮಿ.ಮೀ. ಪರದೆಯ ಮೇಲೆ ಗೆರೆಗಳನ್ನು ಸರಿಸುತ್ತ ಇದನ್ನು ಎಷ್ಟು ಸಲವಾದರೂ ಅಭ್ಯಾಸ ಮಾಡಬಹುದು.

ಅಪಾಯವಿರುವ ಪಾಠಗಳಿಗೆ ಸಿಮ್ಯುಲೇಷನ್ ಅನುಕೂಲ. ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ ಮೋಟರ್ ಮೊದಲು ಸ್ಟಾರ್ ಜೋಡಣೆಯಲ್ಲಿ ಚಾಲೂ ಆಗುತ್ತದೆ. ಆಗ ಅದು ಲೈನಿನಿಂದ ಎಳೆಯುವ ಕರೆಂಟ್ ನೇರವಾಗಿ ಡೆಲ್ಟಾದಲ್ಲಿ ಚಾಲೂ ಮಾಡಿದಾಗಿನ ಮೂರನೇ ಒಂದು ಭಾಗ ಮಾತ್ರ. ಸ್ಟಾರ್ ಮತ್ತು ಡೆಲ್ಟಾ ಕಾಂಟ್ಯಾಕ್ಟರ್‌ಗಳು ಒಟ್ಟಿಗೆ ಕೂಡಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ವರ್ಕ್‌ಶಾಪಿನಲ್ಲಿ ಇದು ಉಪಕರಣಕ್ಕೂ ಜೀವಕ್ಕೂ ಕುತ್ತು. ಪರದೆಯಲ್ಲಿ ಬರೀ ಪಾಠ.

ಆದರೆ ಕೈಗೆ ಪಳಗಬೇಕಾದ್ದನ್ನು ಆ್ಯಪ್ ಕಲಿಸಲಾರದು. ಫೈಲ್ ಮೇಲೆ ಹಾಕುವ ಒತ್ತಡ, ಎಲೆಕ್ಟ್ರೋಡ್ ಕರಗಿ ಗಿಡ್ಡವಾಗುತ್ತ ಹೋದಂತೆ ಕೈ ಇಳಿಸಿ ಆರ್ಕ್‌ನ ಉದ್ದ ಕಾಯ್ದುಕೊಳ್ಳುವ ಹದ, ಇವೆಲ್ಲ ಲೋಹದ ಮೇಲೆಯೇ ಬರಬೇಕು.

ಆ್ಯಪ್ ಆಯ್ಕೆ ಮಾಡುವಾಗ ಮೂರು ಅಂಶಗಳನ್ನು ನೋಡಬೇಕು. ಪಾಠ ಸದ್ಯದ ಪಠ್ಯಕ್ರಮಕ್ಕೆ ಹೊಂದಬೇಕು. ಡೌನ್‌ಲೋಡ್ ಮಾಡಿಟ್ಟು ನೆಟ್‌ವರ್ಕ್ ಇಲ್ಲದಾಗಲೂ ನೋಡುವಂತಿರಬೇಕು. ವಿವರಣೆ ಕನ್ನಡದಲ್ಲಿದ್ದು, ಉಪಕರಣಗಳ ಹೆಸರು ವರ್ಕ್‌ಶಾಪಿನಲ್ಲಿ ಬಳಸುವಂಥದ್ದೇ ಆಗಿರಬೇಕು. ಹಿಂದಿನ ದಿನ ಮೊಬೈಲ್‌ನಲ್ಲಿ ಪಾಠ ನೋಡಿ ಬಂದವರಿಗೆ ತರಬೇತುದಾರರು ಮೊದಲು ನಾಲ್ಕು ಪ್ರಶ್ನೆ ಕೇಳಿ, ಬಳಿಕ ನೇರವಾಗಿ ಕೆಲಸಕ್ಕೆ ಹಚ್ಚಿದರೆ ವಿವರಣೆಗೆ ಹೋಗುತ್ತಿದ್ದ ವೇಳೆ ಅಭ್ಯಾಸಕ್ಕೆ ಸಿಗುತ್ತದೆ.